ಮೈಸೂರಿನ ಅರಮನೆ

ಮೈಸೂರಿಗೆ ಹೋದವರು ಅರಮನೆಯನ್ನು ಕಾಣದೆ ಹಿಂದಿರುಗುವುದು ಅಪರೂಪ. ಬಂಗಾರದ ಕಳಶವನ್ನು ಹೊತ್ತ ಗೋಪುರ, ನಸುಗೆಂಪು ಗುಮ್ಮಟಗಳು, ಸಾಲುಸಾಲಾದ ಕಮಾನುಗಳು ದೂರದಿಂದಲೇ ಕಣ್ಣನ್ನು ಸೆಳೆಯುತ್ತವೆ. ಅದರ ವೈಭವಕ್ಕೆ ಬೆರಗಾಗುವ ನಾವು ಒಂದು ಸಂಗತಿಯನ್ನು ಮರೆಯುತ್ತೇವೆ. ಅರಮನೆಯೂ ಮೂಲತಃ ಒಂದು ಮನೆ. ಅಲ್ಲಿ ಮಕ್ಕಳು ಬೆಳೆದರು, ಮದುವೆಗಳು ನಡೆದವು, ಹಬ್ಬದ ದೀಪಗಳು ಉರಿದವು. ಇಂದು ನಾವು ಕಾಣುವ ಈ ಕಟ್ಟಡವು ಮನೆಯನ್ನು ಕಳೆದುಕೊಂಡವರು ಮತ್ತೆ ಕಟ್ಟಿಕೊಂಡ ಮನೆ.

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಒಡೆಯರ ಮನೆತನಕ್ಕೆ ರಾಜ್ಯವು ಮರಳಿ ದೊರೆಯಿತು. ಆಗ ಮೈಸೂರಿನ ಕೋಟೆಯೊಳಗೆ ಹೊಸ ಅರಮನೆಯೊಂದನ್ನು ಕಟ್ಟಿದರು. ಅದರಲ್ಲಿ ಮರದ ಕೆಲಸವೇ ಹೆಚ್ಚು. ಕೆತ್ತನೆಯ ಕಂಬಗಳು, ಬಣ್ಣ ತುಂಬಿದ ಬೋದಿಗೆಗಳು ಅದಕ್ಕೆ ಶೋಭೆಯನ್ನು ತಂದಿದ್ದವು. ಆದರೆ ಮರಕ್ಕೆ ಬೆಂಕಿಯೇ ಶತ್ರು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಅರಮನೆಗೆ ಬೆಂಕಿ ಬಿದ್ದಿತು. ಮಂಗಳವಾದ್ಯ ಮೊಳಗುತ್ತಿದ್ದ ಮನೆಯ ಬಹುಭಾಗವು ಬೂದಿಯಾಯಿತು.

ಆ ಮನೆಗೆ ಅದು ಕಷ್ಟದ ಕಾಲವೇ ಆಗಿತ್ತು. ಮಹಾರಾಜ ಚಾಮರಾಜೇಂದ್ರ ಒಡೆಯರು 1894ರಲ್ಲಿ ತೀರಿಕೊಂಡಿದ್ದರು. ಮಗ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು. ಮಗನ ಪರವಾಗಿ ರಾಜ್ಯದ ಹೊಣೆಯನ್ನು ಹೊತ್ತಿದ್ದವರು ತಾಯಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು. ರಾಜಪರಿವಾರವು ಹತ್ತಿರದ ಜಗನ್ಮೋಹನ ಅರಮನೆಯಲ್ಲಿ ನೆಲೆಸಿತು. 1902ರಲ್ಲಿ ಕೃಷ್ಣರಾಜರು ಅಧಿಕಾರವನ್ನು ವಹಿಸಿಕೊಂಡ ಸಮಾರಂಭವೂ ಅಲ್ಲಿಯೇ ನಡೆಯಿತು.

ಸುಟ್ಟುಹೋದ ಮನೆಯನ್ನು ಮತ್ತೆ ಹೇಗೆ ಕಟ್ಟಬೇಕು? ಹಿಂದಿನಂತೆಯೇ ಮರದಿಂದ ಕಟ್ಟಿದರೆ ಹಿಂದಿನ ಭಯವೂ ಅದರೊಡನೆ ಬರುತ್ತದೆ. ಎಲ್ಲವನ್ನೂ ಹೊಸದಾಗಿ ಮಾಡಿದರೆ ಮನೆಯೇನೋ ದೊರೆಯುತ್ತದೆ, ಆದರೆ ಅದು ತಮ್ಮ ಮನೆಯೆನಿಸುವುದಿಲ್ಲ. ಈ ಎರಡರ ನಡುವಿನ ದಾರಿಯನ್ನು ಮೈಸೂರು ಆರಿಸಿಕೊಂಡಿತು. ಶಿಮ್ಲಾದ ವೈಸರಾಯ್ ನಿವಾಸವನ್ನು ರೂಪಿಸಿದ್ದ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ಕೆಲಸವನ್ನು ಒಪ್ಪಿಸಲಾಯಿತು. ಹಳೆಯ ಸ್ಥಳದಲ್ಲಿಯೇ 1897ರಲ್ಲಿ ಆರಂಭವಾದ ಕಾರ್ಯವು 1912ರಲ್ಲಿ ಪೂರ್ಣಗೊಂಡಿತು.

ಹೊಸ ಅರಮನೆಯಲ್ಲಿ ಹಳೆಯ ಮನೆಯ ಜೀವ ಉಳಿದಿರುವುದನ್ನು ಗಮನಿಸಿರಿ. ನಮ್ಮ ನಾಡಿನ ಹಳ್ಳಿಗಳಲ್ಲಿ ತೊಟ್ಟಿಮನೆಗಳನ್ನು ನೀವು ನೋಡಿರಬಹುದು. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತಲೂ ಜಗಲಿ, ಅದರಾಚೆ ಕೋಣೆಗಳು. ಗಾಳಿ ಬೆಳಕುಗಳು ತೊಟ್ಟಿಯಿಂದಲೇ ಒಳಕ್ಕೆ ಬರುತ್ತವೆ. ಈ ಮಹಾಸೌಧವೂ ತೆರೆದ ಅಂಗಳವನ್ನು ತನ್ನೊಳಗೆ ಇರಿಸಿಕೊಂಡಿದೆ. ಗೊಂಬೆತೊಟ್ಟಿ, ಸವಾರಿತೊಟ್ಟಿ ಮುಂತಾದ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ದಸರೆಯ ಗೊಂಬೆಗಳು ಗೊಂಬೆತೊಟ್ಟಿಗೆ ಆ ಹೆಸರನ್ನು ತಂದವು. ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುವುದು ಅರಮನೆಯ ಅಂಗಳದಲ್ಲಿ. ಅಂಬಾವಿಲಾಸವೆಂಬ ದರ್ಬಾರು ಮಂದಿರದ ಬಾಗಿಲಲ್ಲಿ ಬೀಟೆಯ ಮರದ ಮೇಲೆ ದಂತವನ್ನು ಕೂಡಿಸಿದ ಸೂಕ್ಷ್ಮವಾದ ಕುಸುರಿ ಕೆಲಸವಿದೆ. ಅದು ಮೈಸೂರಿನ ಕುಶಲಕರ್ಮಿಗಳು ತಲೆಮಾರುಗಳಿಂದ ಉಳಿಸಿಕೊಂಡು ಬಂದ ವಿದ್ಯೆ.

ಆದರೆ ಮನೆಯ ಭಾರವನ್ನು ಹೊರುವ ಕೆಲಸವು ಮರದಿಂದ ಬಹುಮಟ್ಟಿಗೆ ಕಲ್ಲಿಗೆ, ಕಬ್ಬಿಣಕ್ಕೆ ವರ್ಗವಾಯಿತು. ಮರವು ಅಲಂಕಾರಕ್ಕೆ ನಿಂತಿತು. ಹೊರಮೈಗೆ ಬೂದುಬಣ್ಣದ ಕಣಶಿಲೆ ಬಂದಿತು. ಮೂರು ಅಂತಸ್ತುಗಳ ಕಟ್ಟಡದ ನಡುವೆ 145 ಅಡಿ ಎತ್ತರದ ಗೋಪುರವು ತಲೆಯೆತ್ತಿತು. ಹಳೆಯ ಮನೆಯಲ್ಲಿ ದೀಪವೆಂದರೆ ಎಣ್ಣೆ, ಬತ್ತಿ, ಬೆಂಕಿ. ಹೊಸ ಮನೆ ಏಳುತ್ತಿದ್ದಾಗ ನಾಡಿನಲ್ಲಿ ಬೇರೊಂದು ಬೆಳಕು ಹುಟ್ಟಿತು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಒದಗಿಸಲಾಯಿತು. 1908ರಲ್ಲಿ ಮೈಸೂರು ನಗರಕ್ಕೂ ವಿದ್ಯುದ್ದೀಪಗಳು ಬಂದವು. ಬೆಂಕಿಗೆ ಆಹುತಿಯಾಗಿದ್ದ ಮನೆಗೆ ನೀರಿನಿಂದ ಹುಟ್ಟಿದ ಬೆಳಕು ಆಸರೆಯಾಯಿತು.

ಹಳೆಯದೂ ಹೊಸದೂ ಬೆರೆತ ಬಗೆಯನ್ನು ಕಾಣಬೇಕಾದರೆ ಕಲ್ಯಾಣಮಂಟಪಕ್ಕೆ ಹೋಗಬೇಕು. ಮದುವೆಯ ಮನೆಯಲ್ಲಿ ಒದಗಿದ ಅನಾಹುತದ ನಂತರ ಹೊಸದಾಗಿ ಕಟ್ಟಿದ ಮದುವೆಯ ಮಂಟಪವಿದು. ಎಂಟು ಮೂಲೆಗಳ ಈ ಮಂಟಪದಲ್ಲಿ ಎತ್ತರವಾದ ಕಂಬಗಳು ಗುಂಪುಗುಂಪಾಗಿ ನಿಂತಿವೆ. ಕೆತ್ತಿದ ಮರದಂತೆ ತೋರುವ ಅವು ವಾಸ್ತವವಾಗಿ ಎರಕದ ಕಬ್ಬಿಣದ ಕಂಬಗಳು. ದೂರದ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಎರಕ ಹೊಯ್ದು ಅವುಗಳನ್ನು ಹಡಗಿನಲ್ಲಿ ತರಿಸಲಾಯಿತು. ಮೇಲಿನ ಬಣ್ಣದ ಗಾಜಿನ ಚಾವಣಿಯೂ ಅಲ್ಲಿಯದೇ. ಆದರೆ ಅದರಲ್ಲಿ ಗರಿಗೆದರಿರುವುದು ನಮ್ಮ ನಾಡಿನ ನವಿಲು! ಗೋಡೆಗಳ ಮೇಲೆ ಮೈಸೂರಿನ ಚಿತ್ರಕಾರರು ಬರೆದ ದಸರಾ ಮೆರವಣಿಗೆಯ 26 ಚಿತ್ರಗಳಿವೆ. ಕಬ್ಬಿಣ ಪರದೇಶದ್ದು, ಕನಸು ನಮ್ಮದು.

ಈ ವೈಭವಕ್ಕೆ ತಗುಲಿದ ವೆಚ್ಚ 41 ಲಕ್ಷ 47 ಸಾವಿರ ರೂಪಾಯಿಗಳಿಗೂ ಹೆಚ್ಚು. ಆ ಕಾಲಕ್ಕೆ ಅದು ಅಪಾರವಾದ ಮೊತ್ತ. ಅರಮನೆಯ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿಯೇ, 1898ರಲ್ಲಿ, ಪ್ಲೇಗು ಸಂಸ್ಥಾನಕ್ಕೆ ಕಾಲಿಟ್ಟು ಅನೇಕರ ಪ್ರಾಣವನ್ನು ತೆಗೆದುಕೊಂಡಿತು. ಅರಸನ ಬೊಕ್ಕಸವೆಂದರೆ ಪ್ರಜೆಗಳ ದುಡಿಮೆಯ ಫಲ. ಅರಮನೆಯ ಸೊಬಗನ್ನು ಮೆಚ್ಚುವಾಗ ಅದಕ್ಕಾಗಿ ಕಲ್ಲು ಕಡೆದವರನ್ನೂ ಕಂದಾಯ ತೆತ್ತವರನ್ನೂ ಮರೆಯಬಾರದು. ಅರಸೊತ್ತಿಗೆಯ ಕಾಲವು ಕಳೆದ ಮೇಲೆ ಅವರ ಮೊಮ್ಮಕ್ಕಳು, ಮರಿಮಕ್ಕಳು ಈ ಮನೆಯ ಬಾಗಿಲನ್ನು ದಾಟಿ ಒಳಗೆ ನಡೆದಾಡುವಂತಾಗಿದೆ. ಅದು ಸಂತೋಷದ ಸಂಗತಿ.

ಅರಮನೆಯ ಒಂದು ಭಾಗದಲ್ಲಿ ರಾಜಮನೆತನದವರು ಇಂದಿಗೂ ವಾಸವಾಗಿದ್ದಾರೆ. ಉಳಿದ ಭಾಗವನ್ನು ನೋಡಲು ದೇಶವಿದೇಶಗಳಿಂದ ಜನರು ಬರುತ್ತಾರೆ. ದಸರೆಯ ಸಂಜೆ ಸಾವಿರಾರು ದೀಪಗಳು ಒಮ್ಮೆಲೇ ಬೆಳಗಿದಾಗ ಗೋಪುರ, ಕಮಾನು, ಗುಮ್ಮಟಗಳ ಒಂದೊಂದು ಗೆರೆಯೂ ಕತ್ತಲೆಯಲ್ಲಿ ಮೂಡಿ ನಿಲ್ಲುತ್ತದೆ. ಒಮ್ಮೆ ಜ್ವಾಲೆಯನ್ನು ಕಂಡು ತಲ್ಲಣಿಸಿದ ನಗರವು ಇಂದು ಅದೇ ಸ್ಥಳದಲ್ಲಿ ಬೆಳಕನ್ನು ಕಂಡು ನಲಿಯುತ್ತದೆ.

ನಿಮ್ಮ ಊರಿನಲ್ಲಿಯೂ ಹಳೆಯ ಮನೆಗಳಿರಬಹುದು. ಅವುಗಳನ್ನು ಕೆಡವುವ ಮಾತು ಬಂದಾಗ, ಸೌಕರ್ಯವನ್ನು ಹೆಚ್ಚಿಸಿಕೊಂಡೂ ಯಾವುದನ್ನು ಉಳಿಸಿಕೊಳ್ಳಬಹುದೆಂದು ಒಮ್ಮೆ ಆಲೋಚಿಸಿರಿ. ಹಿರಿಯರು ಬಿಟ್ಟುಹೋದ ಮನೆಯಲ್ಲಿ ಬದಲಿಸಬೇಕಾದದ್ದೂ ಇರುತ್ತದೆ, ಬಿಡಬಾರದಂಥದ್ದೂ ಇರುತ್ತದೆ. ಅವೆರಡನ್ನೂ ಬೇರ್ಪಡಿಸಿ ನೋಡಬಲ್ಲ ವಿವೇಕವೇ ಮನೆಯನ್ನು ಮನೆಯಾಗಿ ಉಳಿಸುತ್ತದೆ.