ಪಿಯಾನೊ ನುಡಿಸುವಾಗ ಬೆರಳು ಮಡಚಿದರೆ

ಪಿಯಾನೊ ಕಲಿಯುವವರು ಕೈನೋವನ್ನು ಸಾಧನೆಯ ಗುರುತೆಂದು ಭಾವಿಸುವುದುಂಟು. ಇದು ತಪ್ಪು. ನೋವು ಬಂದೊಡನೆ ನುಡಿಸುವುದನ್ನು ನಿಲ್ಲಿಸಿ ಕೈಗೆ ವಿಶ್ರಾಂತಿ ಕೊಡಬೇಕು.

ನೋವೇ ಇಲ್ಲದ ತೊಂದರೆಯೂ ಒಂದಿದೆ. ಹೆಚ್ಚು ಮೋಸದ್ದು ಅದೇ. ನುಡಿಸಲು ಕುಳಿತಾಗ ಮಾತ್ರ ಒಂದೆರಡು ಬೆರಳು ತಾವಾಗಿಯೇ ಮಡಚಿಕೊಳ್ಳುತ್ತವೆ. ಉಳಿದ ಕೆಲಸಗಳಿಗೆ ಸಾಮಾನ್ಯವಾಗಿ ಅಡ್ಡಿಯಿರದು. ಇದಕ್ಕೆ ಫೋಕಲ್ ಡಿಸ್ಟೋನಿಯಾ ಎಂದು ಹೆಸರು. ದೋಷವಿರುವುದು ಬೆರಳಿನಲ್ಲಲ್ಲ, ಬೆರಳನ್ನು ನಡೆಸುವ ಮಿದುಳಿನಲ್ಲಿ. ಆದ್ದರಿಂದ ಎಣ್ಣೆ ತಿಕ್ಕಿದರೆ ಗುಣವಾಗದು. ಹಟ ಹಿಡಿದು ಅಭ್ಯಾಸ ಮಾಡಿದರೆ ಉಲ್ಬಣಿಸಲೂಬಹುದು.

ಅಮೆರಿಕದ ಹೆಸರಾಂತ ವಾದಕ ಲಿಯಾನ್ ಫ್ಲೈಶರ್ (1928–2020) ಅವರಿಗೆ 1960ರ ದಶಕದಲ್ಲಿ ಆದದ್ದು ಇದೇ. ಬಲಗೈಯ ಉಂಗುರಬೆರಳು, ಕಿರುಬೆರಳು ಮಡಚಿಕೊಂಡವು. ಮೊದಲು ಅವರು ಮಾಡಿದ್ದೂ ಇನ್ನಷ್ಟು ಅಭ್ಯಾಸವನ್ನೇ! ಮುಂದೆ ಸುಮಾರು ಮೂರು ದಶಕ ಎಡಗೈಗೆಂದೇ ರಚಿಸಿದ ಕೃತಿಗಳನ್ನು ನುಡಿಸಿದರು, ಶಿಷ್ಯರಿಗೆ ಪಾಠ ಹೇಳಿದರು. 1990ರ ದಶಕದಲ್ಲಿ ಬೊಟುಲಿನಮ್ ಚುಚ್ಚುಮದ್ದು ಮೊದಲಾದ ಚಿಕಿತ್ಸೆಗಳಿಂದ ಮತ್ತೆ ಎರಡೂ ಕೈಗಳಲ್ಲಿ ನುಡಿಸುವಂತಾದರು, ಪೂರ್ತಿ ಗುಣವಾಗಲಿಲ್ಲ.

ಮೊಣಕೈ ಮಣೆಗಳ ಮಟ್ಟಕ್ಕಿರುವಂತೆ ಆಸನ ಹೊಂದಿಸಿಕೊಳ್ಳಿ. ನಡುನಡುವೆ ಎದ್ದು ಕೈ ಸಡಿಲಿಸಿ. ಬೆರಳು ಮಡಚುವುದು ಕೆಲವು ವಾರ ಮುಂದುವರಿದರೆ ನರರೋಗ ತಜ್ಞರನ್ನು ಕಾಣಿರಿ. ಹೋಗುವಾಗ ನುಡಿಸುತ್ತಿರುವ ವಿಡಿಯೊ ಒಯ್ಯಿರಿ. ಸುಮ್ಮನೆ ಚಾಚಿದ ಕೈಯಲ್ಲಿ ಈ ದೋಷ ಕಾಣದೆ ಹೋಗಬಹುದು.