ಪ್ರೋಟೀನುಗಳ ಶುದ್ಧೀಕರಣದಲ್ಲಿ ಕಾಂತೀಯ ನ್ಯಾನೋಕಣಗಳು

ಮರಳಿನಲ್ಲಿ ಅಯಸ್ಕಾಂತವನ್ನು ಆಡಿಸಿದಾಗ ಕಪ್ಪು ಪುಡಿಯೊಂದು ಅದಕ್ಕೆ ಅಂಟಿಕೊಳ್ಳುವುದನ್ನು ಬಾಲ್ಯದಲ್ಲಿ ಕಾಣದವರು ವಿರಳ. ಆ ಪುಡಿಯಲ್ಲಿ ಸಾಮಾನ್ಯವಾಗಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಇರುತ್ತದೆ. ಇದೇ ವಸ್ತುವಿನ ಅತಿಸೂಕ್ಷ್ಮ ಕಣಗಳು ಇಂದು ಪ್ರಯೋಗಾಲಯಗಳಲ್ಲಿ ಪ್ರೋಟೀನುಗಳನ್ನು ಬೇರ್ಪಡಿಸಲು ನೆರವಾಗುತ್ತಿವೆ.

ಶುದ್ಧೀಕರಣದ ಅಗತ್ಯ

ಇನ್ಸುಲಿನ್ ಒಂದು ಪ್ರೋಟೀನು. ಮಾನವ ಇನ್ಸುಲಿನ್ನಿನ ವಂಶವಾಹಿಯನ್ನು ಬ್ಯಾಕ್ಟೀರಿಯಾದಲ್ಲಿ ಸೇರಿಸಿ ತಯಾರಿಸಿದ ಔಷಧಕ್ಕೆ 1982ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇಂತಹ ಪ್ರೋಟೀನನ್ನು ಪಡೆಯಲು ಬ್ಯಾಕ್ಟೀರಿಯಾದ ಕೋಶವನ್ನು ಒಡೆದಾಗ, ಅದರ ಸ್ವಂತದ ನೂರಾರು ಬಗೆಯ ಪ್ರೋಟೀನುಗಳೂ ಹೊರಬರುತ್ತವೆ. ಕೋಶದ ಹೊರಪದರದ ಕೆಲವು ಅಂಶಗಳು ರೋಗಿಯ ರಕ್ತವನ್ನು ಸೇರಿದರೆ ತೀವ್ರ ಜ್ವರ ಉಂಟಾಗಬಹುದು. ಆದುದರಿಂದ ಶುದ್ಧೀಕರಣವು ಔಷಧ ತಯಾರಿಕೆಯಷ್ಟೇ ಮಹತ್ವದ ಕಾರ್ಯವಾಗಿದೆ.

ಮೇಲ್ಮೈಯ ಮಾರ್ಪಾಡು

ಕಬ್ಬಿಣದ ಎರಡು ಬಗೆಯ ಲವಣಗಳ ದ್ರಾವಣಕ್ಕೆ ಅಮೋನಿಯದಂತಹ ಕ್ಷಾರವನ್ನು ಬೆರೆಸಿದರೆ, ಸುಮಾರು 10 ನ್ಯಾನೋಮೀಟರ್ ಗಾತ್ರದ ಮ್ಯಾಗ್ನೆಟೈಟ್ ಕಣಗಳು ದೊರೆಯುತ್ತವೆ. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವೇ ನ್ಯಾನೋಮೀಟರ್. ಇಷ್ಟು ಚಿಕ್ಕ ಕಣಗಳು ಅಯಸ್ಕಾಂತವು ಹತ್ತಿರವಿದ್ದಾಗ ಮಾತ್ರ ಕಾಂತತ್ವವನ್ನು ತೋರುತ್ತವೆ. ಅದನ್ನು ದೂರ ಸರಿಸಿದೊಡನೆ ಮತ್ತೆ ದ್ರವದಲ್ಲಿ ಹರಡಿಕೊಳ್ಳಬಲ್ಲವು.

ಆದರೆ ಲೇಪವಿಲ್ಲದ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಬೇಡವಾದ ಪ್ರೋಟೀನುಗಳನ್ನೂ ಹಿಡಿದುಕೊಳ್ಳುತ್ತವೆ. ಆದಕಾರಣ ಅವುಗಳಿಗೆ ಸಿಲಿಕಾದ ಲೇಪವನ್ನು ಕೊಟ್ಟು, ಅದರ ಮೇಲೆ ನಿಕ್ಕಲ್ ಅಯಾನುಗಳನ್ನು ಹಿಡಿದಿಡುವ ಅಣುಗಳನ್ನು ಜೋಡಿಸಲಾಗುತ್ತದೆ. ಇನ್ನೊಂದೆಡೆ, ಬೇಕಾದ ಪ್ರೋಟೀನಿನ ತುದಿಗೆ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ ಆರು ಘಟಕಗಳ ಬಾಲವೊಂದು ಬರುವಂತೆ ವಂಶವಾಹಿಯನ್ನು ತಿದ್ದಲಾಗಿರುತ್ತದೆ. ಈ ಬಾಲವು ನಿಕ್ಕಲ್‌ಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ.

ವಿಧಾನ

ಕಣಗಳನ್ನು ಕೋಶದ ದ್ರಾವಣದಲ್ಲಿ ಬೆರೆಸಿ, ಕೊಳವೆಯ ಪಕ್ಕದಲ್ಲಿ ಅಯಸ್ಕಾಂತವನ್ನಿಡಲಾಗುತ್ತದೆ. ಪ್ರೋಟೀನನ್ನು ಹೊತ್ತ ಕಣಗಳು ಗೋಡೆಗೆ ಅಂಟಿ ನಿಲ್ಲುತ್ತವೆ. ಉಳಿದ ದ್ರವವನ್ನು ಚೆಲ್ಲಿ, ಕಣಗಳನ್ನು ತೊಳೆದು, ಹಿಸ್ಟಿಡಿನ್ನಿನ ಪಾರ್ಶ್ವಭಾಗವನ್ನು ಹೋಲುವ ಇಮಿಡಜೋಲ್ ದ್ರಾವಣವನ್ನು ಸೇರಿಸಿದರೆ, ಅದು ನಿಕ್ಕಲ್ಲಿನ ಬಳಿ ಪ್ರೋಟೀನಿನ ಸ್ಥಾನವನ್ನು ಆಕ್ರಮಿಸಿ, ಪ್ರೋಟೀನನ್ನು ಬಿಡಿಸುತ್ತದೆ. ಹಳೆಯ ಸ್ತಂಭ ವಿಧಾನದಲ್ಲಿ ಕೋಶದ ಚೂರುಗಳು ಸ್ತಂಭವನ್ನು ಕಟ್ಟಿಸದಂತೆ ದ್ರಾವಣವನ್ನು ಮೊದಲೇ ತಿಳಿಗೊಳಿಸಬೇಕು. ಇಲ್ಲಿ ಆ ಶ್ರಮವು ಬಹುಮಟ್ಟಿಗೆ ತಪ್ಪುತ್ತದೆ.

ಇತಿಮಿತಿಗಳು

ಹಿಸ್ಟಿಡಿನ್ ಹೇರಳವಾಗಿರುವ ಬ್ಯಾಕ್ಟೀರಿಯಾದ ಕೆಲವು ಪ್ರೋಟೀನುಗಳೂ ಕಣಗಳಿಗೆ ಅಂಟಬಹುದು. ಸ್ವಲ್ಪ ನಿಕ್ಕಲ್ ದ್ರಾವಣಕ್ಕೆ ಸೋರಬಹುದು. ಅದು ದೇಹಕ್ಕೆ ಹಾನಿಕರ. ಆದುದರಿಂದ ಶುದ್ಧತೆಯನ್ನು ಪ್ರತ್ಯೇಕವಾಗಿ ಪರೀಕ್ಷಿಸುವುದು ಅನಿವಾರ್ಯ. ಬೃಹತ್ ಪ್ರಮಾಣದ ಔಷಧ ತಯಾರಿಕೆಯಲ್ಲಿ ಇಂದಿಗೂ ಸ್ತಂಭ ವಿಧಾನವೇ ಪ್ರಧಾನವಾಗಿದೆ.

ಮೇಲ್ಮೈಯನ್ನು ಬದಲಾಯಿಸಿದರೆ ಕಣವು ಹಿಡಿಯುವ ವಸ್ತುವೂ ಬದಲಾಗುತ್ತದೆ. 2020ರಲ್ಲಿ ಕೋವಿಡ್ ಪರೀಕ್ಷೆಗಾಗಿ ವೈರಸ್ಸಿನ ಆರ್‌ಎನ್‌ಎಯನ್ನು ಬೇರ್ಪಡಿಸಲು ಅನೇಕ ಪ್ರಯೋಗಾಲಯಗಳು ಬಳಸಿದ್ದು ಇದೇ ತತ್ತ್ವದ ಕಾಂತೀಯ ಕಣಗಳನ್ನು. ಅಯಸ್ಕಾಂತವು ಕಣಗಳನ್ನು ಎಳೆಯುತ್ತದೆ, ಅಷ್ಟೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ನಿರ್ಧರಿಸುವುದು ಕಣದ ಮೇಲ್ಮೈ.