ಕೂಸಿನ ಹುಟ್ಟುಕುಂದನ್ನು ಗುರುತಿಸಿ ತಿಳಿಸುವ ವಿಷಯ

ಹುಟ್ಟಿದ ಕೂಸಿನ ಮೈಯನ್ನು ಹೇಗೆ ನೋಡಬೇಕು, ನೋಡಿದ್ದನ್ನು ಯಾರಿಗೆ ತಿಳಿಸಬೇಕು ಎಂಬದೇ ಈ ಸಾರಿಯ ಪಾಠವು. ಗದಗ ತಾಲೂಕಿನ ಅಸುಂಡಿಯಂಥ ಊರಲ್ಲಿ ಕೂಸು ಹುಟ್ಟಿತೆಂದರೆ ಗಂಡೋ ಹೆಣ್ಣೋ ಎಂದು ಕೇಳುವವರು ಬಹಳ. ನೆತ್ತಿಯಿಂದ ಅಂಗಾಲಿನ ತನಕ ಒಳ್ಳೇ ಬೆಳಕಿನಲ್ಲಿ ನೋಡಿದಿರೋ ಎಂದು ಕೇಳುವವರು ಕಡಿಮೆ. ಏನಾದರೂ ಕುಂದು ಕಂಡರೆ ಸೆರಗಿನಿಂದ ಮುಚ್ಚಿಬಿಡುತ್ತಾರೆ. ನೆರೆಯವರು ಕಂಡಾರು, ಮನೆಯ ಬೇರೆ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತು ಎಂಬ ಭಯವೇ ಇದಕ್ಕೆ ಕಾರಣ. ಹೀಗೆ ಮುಚ್ಚಿಟ್ಟ ದಿನಗಳೇ ಆ ಕೂಸಿಗೆ ಅತಿ ಬೆಲೆಯುಳ್ಳ ದಿನಗಳಾಗಿವೆ.

ಇಂಥ ಕೂಸು ಯಾಕೆ ಹುಟ್ಟಿತೆಂದು ಕೇಳಿದರೆ ನಮ್ಮ ಸೀಮೆಯಲ್ಲಿ ಉತ್ತರವು ಸಿದ್ಧವಾಗಿಯೇ ಇರುತ್ತದೆ: ಬಸುರಿಯು ಗ್ರಹಣದ ಹೊತ್ತಿನಲ್ಲಿ ಕಾಯಿಪಲ್ಯ ಹೆಚ್ಚಿದಳು, ಆದಕಾರಣ ಕೂಸಿನ ತುಟಿ ಸೀಳಿತು ಎಂಬದಾಗಿ. ಗ್ರಹಣದ ದಿನ ನಾಡಿನ ಬಸುರಿಯರೆಲ್ಲರೂ ಅದೇ ಆಕಾಶದ ಕೆಳಗೆ ಇದ್ದರಷ್ಟೆ. ಅವರೆಲ್ಲರ ಕೂಸುಗಳ ತುಟಿ ಯಾಕೆ ಸೀಳಲಿಲ್ಲ? ಬಸುರಿನ ಎರಡನೆಯ ತಿಂಗಳಲ್ಲಿ ತುಟಿಯ ಭಾಗಗಳು ಒಂದನ್ನೊಂದು ಕೂಡಿಕೊಳ್ಳುತ್ತವೆ. ಆ ಕೂಡುವಿಕೆಯು ನಡುವೆ ನಿಂತರೆ ಸೀಳು ಉಳಿಯುತ್ತದೆ. ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಶಿಷ್ಯರು ಹುಟ್ಟುಕುರುಡನನ್ನು ಕಂಡು, ಇದು ಯಾರ ಪಾಪದ ಫಲವೆಂದು ಕೇಳಿದಾಗ, ಕರ್ತನು ಆ ಲೆಕ್ಕವನ್ನೇ ಒಪ್ಪಲಿಲ್ಲವೆಂದು ವಾಚಕರು ಬಲ್ಲರು. ಸೊಸೆಯನ್ನು ಜರೆಯುವ ಅತ್ತೆಯಂದಿರು ಆ ಅಧ್ಯಾಯವನ್ನು ಇನ್ನೊಮ್ಮೆ ಓದುವದು ಒಳ್ಳೇದು.

ಇನ್ನು ನೋಡುವ ಕ್ರಮ. ಕೂಸನ್ನು ಬೆತ್ತಲೆಯಾಗಿ ಮಲಗಿಸಿ ಬೆನ್ನನ್ನು ನೋಡಿರಿ. ನಡುಬೆನ್ನಿನ ಮೇಲೆ ಗಂಟಿನಂತೆ ಉಬ್ಬಿದ್ದರೆ ಅದನ್ನು ಒತ್ತಬೇಡಿರಿ, ಎಣ್ಣೆ ತಿಕ್ಕಬೇಡಿರಿ. ಶುದ್ಧವಾದ ಒದ್ದೆ ಬಟ್ಟೆಯನ್ನು ಮುಚ್ಚಿ, ಕೂಸನ್ನು ಬೋರಲಾಗಿ ಮಲಗಿಸಿಕೊಂಡು ಅದೇ ದಿನ ದೊಡ್ಡ ದವಾಖಾನೆಗೆ ಹೊರಡಿರಿ. ಬಾಯೊಳಗೆ ನೋಡಿರಿ, ತುಟಿಯು ಸರಿಯಾಗಿದ್ದರೂ ಅಂಗಳು ಸೀಳಿರಬಹುದು. ಅಂಥ ಕೂಸು ಮೊಲೆಯನ್ನು ಚೀಪಲಾರದೆ ಸೊರಗುತ್ತದೆ. ಅದನ್ನು ನೆಟ್ಟಗೆ ಎತ್ತಿ ಹಿಡಿದು, ತಾಯಿಯ ಹಾಲನ್ನೇ ಹಿಂಡಿ, ಒಳಲೆಯಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ಮೂರು ತಿಂಗಳಾಗಿ ಮೈ ತುಂಬಿಕೊಂಡ ಮೇಲೆ ತುಟಿಯನ್ನೂ, ಒಂದು ವರುಷದ ಆಚೀಚೆ ಅಂಗಳನ್ನೂ ವೈದ್ಯರು ಹೊಲಿಯುತ್ತಾರೆ. ಮಾತು ಬರುವದಕ್ಕೆ ಮುಂಚೆ ಅಂಗಳು ಕೂಡಿದರೆ ಮಾತು ತಿಳಿಯಾಗುವದು.

ಪಾದಗಳು ಒಳಕ್ಕೆ ತಿರುಚಿಕೊಂಡಿದ್ದರೆ, ಬೆಳೆದಂತೆ ನೆಟ್ಟಗಾದಾವೆಂದು ಕಾಯುವವರುಂಟು. ಆಗುವದಿಲ್ಲ. ಆದರೆ ಹುಟ್ಟಿದ ಮೊದಲ ವಾರಗಳಲ್ಲಿ ಕೂಸಿನ ಎಲುಬು ಹಸಿ ಮಣ್ಣಿನಂತಿರುತ್ತದೆ. ಆಗ ವಾರಕ್ಕೊಮ್ಮೆ ಪಾದವನ್ನು ಮೆಲ್ಲಗೆ ತಿದ್ದಿ ಪಟ್ಟಿ ಹಾಕುತ್ತಾ ಬಂದರೆ ಐದಾರು ವಾರಗಳಲ್ಲಿ ಅದು ನೇರಕ್ಕೆ ಬರುತ್ತದೆ. ಹೆಚ್ಚಿನವರಿಗೆ ಹಿಮ್ಮಡಿಯ ಸ್ನಾಯುರಜ್ಜುವನ್ನು ಸ್ವಲ್ಪ ಕೊಯ್ಯಬೇಕಾಗುತ್ತದೆ. ಅಮೇರಿಕದಲ್ಲಿದ್ದ ಪೊನ್ಸೇಟಿ ಎಂಬ ವೈದ್ಯರು ಕಂಡುಹಿಡಿದ ಈ ರೀತಿಯನ್ನು ಈಗ ಎಲ್ಲಾ ದೇಶಗಳಲ್ಲಿಯೂ ಅನುಸರಿಸುತ್ತಾರೆ. ಕಷ್ಟವಿರುವದು ಆ ಮೇಲೆ. ಎರಡು ಬೂಟುಗಳನ್ನು ಒಂದು ಪಟ್ಟಿಗೆ ಜೋಡಿಸಿದ ಸಾಧನವನ್ನು ಮೊದಲ ಮೂರು ತಿಂಗಳು ಹಗಲಿರುಳೂ, ನಂತರ ನಾಲ್ಕು ವರುಷದ ತನಕ ನಿದ್ರೆಯಲ್ಲಿಯೂ ತೊಡಿಸಬೇಕು. ಕೂಸು ಅಳುತ್ತದೆಂದು ಅಜ್ಜಿಯು ಕನಿಕರದಿಂದ ಬಿಚ್ಚಿಡುತ್ತಾಳೆ; ಪಾದ ಪುನಃ ತಿರುಗುತ್ತದೆ.

ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರೆ ತಡಮಾಡಬಾರದು. ಅದು ಹುಟ್ಟುಪೊರೆಯಾದರೆ ಮೊದಲ ಎರಡು ತಿಂಗಳೊಳಗೆ ತೆಗೆಯಬೇಕು. ಯಾಕಂದರೆ ಬೆಳಕನ್ನು ಕಾಣದ ಕಣ್ಣಿಗೆ ನೋಡುವದನ್ನು ಮಿದುಳು ಕಲಿಸುವದಿಲ್ಲ. ಕೆಲವು ಸಾರಿ ಅದೇ ಬಿಳುಪು ಕಣ್ಣಿನ ಅರ್ಬುದರೋಗದ ಗುರುತಾಗಿರುವದೂ ಉಂಟು. ಹಾಲು ಕುಡಿಯುವಾಗ ಬೆವರಿ, ನಡುನಡುವೆ ಬಿಟ್ಟು ಏದುವ, ತುಟಿ ನೀಲಿಯಾಗುವ ಕೂಸಿನ ಹೃದಯವನ್ನು ಪರೀಕ್ಷಿಸಬೇಕು. ತಾಟು ದಡಾರನೆ ಬಿದ್ದರೂ ಬೆಚ್ಚದ ಕೂಸಿನ ಕಿವಿಯನ್ನು ಮೂರು ತಿಂಗಳೊಳಗೆ ಪರೀಕ್ಷಿಸಿ, ಆರು ತಿಂಗಳೊಳಗೆ ಯಂತ್ರದ ನೆರವು ಕೊಟ್ಟರೆ ಅದು ಮಾತು ಕಲಿಯಬಲ್ಲದು. ಓರೆಯಾದ ಕಣ್ಣು, ಚಪ್ಪಟೆ ಮೂಗು, ಸಡಿಲವಾದ ಮೈ, ಅಂಗೈಯಲ್ಲಿ ಒಂದೇ ಅಡ್ಡಗೆರೆ, ಇವು ಕೂಡಿ ಕಂಡರೆ ಡೌನ್ ಸಿಂಡ್ರೋಮ್ ಇದ್ದೀತು. ಜೀವಕಣದಲ್ಲಿ 46ರ ಬದಲಿಗೆ 47 ವರ್ಣತಂತುಗಳಿರುವದೇ ಅದಕ್ಕೆ ಕಾರಣವೆಂದು 1959ರಲ್ಲಿ ಗೊತ್ತಾಯಿತು. ಅಂಥವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಗೆ ಹೃದಯದ ದೋಷವಿರುವದರಿಂದ, ಮಂದಬುದ್ಧಿಯ ಕೂಸೆಂದು ಮೂಲೆಗೆ ಹಾಕುವದು ಜೀವಕ್ಕೇ ಅಪಾಯಕರವಾಗಿದೆ.

ಕಂಡದ್ದನ್ನು ಯಾರಿಗೆ ಹೇಳಬೇಕು? ಆಶಾ ಕಾರ್ಯಕರ್ತೆಗೆ ಇಲ್ಲವೆ ಅಂಗನವಾಡಿಯ ಅಕ್ಕನಿಗೆ ಹೇಳಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಆಶಾ ಕಾರ್ಯಕರ್ತೆಯು ಮೊದಲ ಆರು ವಾರಗಳಲ್ಲಿ ಮನೆಗೆ ಬಂದು ಕೂಸನ್ನು ನೋಡತಕ್ಕದ್ದು. ವೈದ್ಯರ ತಂಡವು ಅಂಗನವಾಡಿಗೆ ವರುಷಕ್ಕೆ ಎರಡು ಸಾರಿ, ಶಾಲೆಗೆ ಒಂದು ಸಾರಿ ಬರತಕ್ಕದ್ದು. 18 ವರುಷದ ತನಕದ ಮಕ್ಕಳಿಗೆ ಚಿಕಿತ್ಸೆಯು ಧರ್ಮಾರ್ಥವಾಗಿದೆ. ತಂಡದವರು ಬರುವ ದಿನ ಕುಂದುಳ್ಳ ಮಗುವನ್ನು ಮನೆಯಲ್ಲಿ ಬಿಟ್ಟು, ಗಟ್ಟಿಮುಟ್ಟಾದ ಮಗುವನ್ನು ಮಾತ್ರ ಕಳುಹಿಸುವವರ ವಿಷಯವಾಗಿ ಏನು ಹೇಳೋಣ!

ಒಂದು ಕೂಸಿನ ಸುದ್ದಿಯು ಪುಸ್ತಕಕ್ಕೆ ಸೇರುವದರಿಂದ ಊರಿಗೇನು ಲಾಭವೆಂದು ಕೆಲವರು ಕೇಳಬಹುದು. ಅದಕ್ಕೆ ನಮ್ಮ ನಾಡಿನಲ್ಲಿಯೇ ದೃಷ್ಟಾಂತವುಂಟು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಬಡ ಕೂಲಿಯವರ ಮನೆಗಳಲ್ಲಿ ಸೊಂಟ ಮೊಣಕಾಲುಗಳ ನೋವಿನಿಂದ ಕುಂಟುವವರು, ಗಿಡ್ಡರಾಗಿಯೇ ಉಳಿದವರು ಬಹಳವಿದ್ದರು. ಹೊರಗಿನ ವೈದ್ಯರು ಅದನ್ನು ಗಮನಿಸಿದ್ದು 1975ರ ಸುಮಾರಿಗೆ. ಗದ್ದೆಗೆ ಹೊಡೆದ ಕೀಟನಾಶಕದ ವಿಷವು, ಅಲ್ಲಿ ಹಿಡಿದು ತಿಂದ ಏಡಿಗಳ ಮೂಲಕ ಮೈ ಸೇರಿತೋ ಎಂದು ಮೊದಲು ಸಂಶಯಪಟ್ಟರು. ಆದರೆ ಮನೆಮನೆಗೆ ಹೋಗಿ ಅಜ್ಜ, ಮಗ, ಮೊಮ್ಮಗ ಎಂದು ವಂಶಾವಳಿಯನ್ನು ಬರೆದು, ಎಲುಬುಗಳ ಚಿತ್ರ ತೆಗೆದು ನೋಡಿದಾಗ, ಇದು ತಂದೆತಾಯಿಗಳಲ್ಲಿ ಒಬ್ಬರಿಂದಲೇ ಮಕ್ಕಳಿಗೆ ಇಳಿಯಬಲ್ಲ ಎಲುಬಿನ ರೋಗವೆಂದು ತಿಳಿದುಬಂತು. ಬಚ್ಚಿಟ್ಟ ಮನೆಗಳಿಂದ ಆ ವಂಶಾವಳಿಯನ್ನು ಬರೆಯಲಾಗುತ್ತಿತ್ತೇ?

ಕಾಸರಗೋಡಿನ ಎಣ್ಮಕಜೆಯ ಪಡ್ರೆಯಲ್ಲಿ ಸಂಗತಿಯು ಬೇರೆ. ಅಲ್ಲಿ ಗೇರುತೋಟಗಳ ಮೇಲೆ 2000ದ ತನಕ ವಿಮಾನದಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಅಲ್ಲಿನ ವೈದ್ಯರಾದ ಮೋಹನ ಕುಮಾರರು ತಮ್ಮ ಬಳಿಗೆ ಬಂದ ರೋಗಿಗಳನ್ನು ಮನೆಯ ಗುರುತಿನೊಡನೆ ಲೆಕ್ಕಹಾಕಿ, ಒಂದೇ ಕಡೆಯಲ್ಲಿ ಇಷ್ಟು ಕಾಯಿಲೆ ಯಾಕೆಂದು ಕೇಳಿದರು. ಆ ಪ್ರಶ್ನೆಯು ಬೆಳೆಯುತ್ತಾ ಹೋಗಿ, 2011ರಲ್ಲಿ ಸುಪ್ರೀಮ್ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲಾ ನಿಲ್ಲಿಸಿತು. 2017ರಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞಾಪಿಸಿತು. ಹಣವು ಪಟ್ಟಿಯಲ್ಲಿ ಹೆಸರಿದ್ದವರಿಗೇ ದೊರೆಯುವಂಥಾದ್ದು.

ನಮ್ಮ ಸೀಮೆಯ ಎರಡು ಮಾತುಗಳು ಉಳಿದವು. ಸೋದರಮಾವನಿಗೆ ಹುಡುಗಿಯನ್ನು ಕೊಡುವ ಪದ್ಧತಿಯು ಇಲ್ಲಿ ಹಳೆಯದು. ನೂರು ಕೂಸುಗಳಲ್ಲಿ ಎರಡು ಮೂರಕ್ಕೆ ಹೇಗೂ ಹುಟ್ಟುಕುಂದು ಇರುತ್ತದೆ; ಅತ್ತೆಯ ಇಲ್ಲವೆ ಮಾವನ ಮಕ್ಕಳೊಳಗಿನ ಮದುವೆಯಲ್ಲಿ ಅದು ಸುಮಾರು ಇಮ್ಮಡಿಯಾಗುತ್ತದೆ, ಸೋದರಮಾವನ ಸಂಬಂಧವಂತೂ ಇನ್ನೂ ಹತ್ತಿರದ ರಕ್ತವು. ಹೊಲ ಹೊರಗೆ ಹೋಗಬಾರದೆಂದು ಮದುವೆ ಮಾಡುವವರು ಇದನ್ನೂ ತೂಗಿ ನೋಡಲಿ.

ಇನ್ನೊಂದು, ಬೆನ್ನಿನ ಗಂಟನ್ನು ಕುರಿತು. ದಾವಣಗೆರೆಯ ಮೂರು ಆಸ್ಪತ್ರೆಗಳಲ್ಲಿ ಮಾಡಿ 1989ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಮಿದುಳುಬಳ್ಳಿ ಮುಚ್ಚದ ಕೂಸುಗಳು ಸಾವಿರಕ್ಕೆ 11ಕ್ಕಿಂತ ಹೆಚ್ಚಾಗಿದ್ದವು. ಆ ಬಳ್ಳಿಯು ಗರ್ಭ ನಿಂತ 28 ದಿನಗಳೊಳಗೆ, ಅಂದರೆ ಬಸುರೆಂದು ತಿಳಿಯುವದಕ್ಕೂ ಮುಂಚೆ, ಮುಚ್ಚಿಕೊಳ್ಳುತ್ತದೆ. ಆದಕಾರಣ ಫೋಲಿಕ್ ಆಮ್ಲದ ಗುಳಿಗೆಯನ್ನು ಗರ್ಭ ನಿಲ್ಲುವದಕ್ಕೆ ಒಂದು ತಿಂಗಳು ಮೊದಲೇ ಆರಂಭಿಸಬೇಕು. ಒಮ್ಮೆ ಇಂಥ ಕೂಸನ್ನು ಹೆತ್ತ ತಾಯಿಗೆ ಬೇಕಾದದ್ದು ಸಾಮಾನ್ಯ ಅಳತೆಯ ಹತ್ತರಷ್ಟು, ದಿನಕ್ಕೆ 4 ಮಿಲಿಗ್ರಾಮ್. ಹಾಗೆ ಕೊಟ್ಟರೆ ಕುಂದು ಮರುಕಳಿಸುವದು 100ಕ್ಕೆ 72ರಷ್ಟು ಕಡಿಮೆಯಾಗುವದೆಂದು 1991ರಲ್ಲಿ ಸ್ಥಾಪಿತವಾಯಿತು. ಸತ್ತು ಹುಟ್ಟಿದ ಕೂಸನ್ನು ಯಾರಿಗೂ ತೋರಿಸದೆ ರಾತ್ರಿಯಲ್ಲೇ ಹೂಳಿದರೆ, ಆ ತಾಯಿಗೆ ಆ ಗುಳಿಗೆಯನ್ನು ಬರೆದುಕೊಡಬೇಕೆಂದು ವೈದ್ಯರಿಗೆ ತಿಳಿಯುವ ಬಗೆಯೇ ಇಲ್ಲ.